ಬೆಂಗಳೂರು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಣ್ಣನಿಗೆ ಥ್ಯಾಂಕ್ಸ್

ಫ್ಲೈಟ್ ಸಿಮ್ಯುಲೇಟರ್‌ಗೆಂದು ಮನೆಯಲ್ಲಿ ಕಟ್ಟುತ್ತಿರುವ ಸೆಸ್ನಾ 172 ವಿಮಾನದ ಮಾದರಿ ಕಾಕ್‌ಪಿಟ್‌ನ ಥ್ರಾಟಲ್‌ನಿಂದ (ಎಂಜಿನ್ ವೇಗ ಹೆಚ್ಚು-ಕಡಿಮೆ ಮಾಡುವ ಹಿಡಿ) ಕೈ ತೆಗೆದರೂ ಆರ್‌ಪಿಎಂ ಮುಳ್ಳು ನಡುಗುತ್ತಿತ್ತು. ಹಿಡಿ ಎಷ್ಟು ಸರಿದಿದೆ ಎಂದು ತಿಳಿಸುವ ಪೊಟೆನ್ಶಿಯೋಮೀಟರ್ (ಪಾಟ್) ಹೊಸದು ಕೇಳಿದರೆ ಈ ಅಣ್ಣ ಮಾರಲೇ ಇಲ್ಲ. ಹಳೆಯದನ್ನು ಇಸ್ಕೊಂಡು, ಮೀಟರ್ ಹಚ್ಚಿ, ಸ್ಪಿಂಡಲ್ಲನ್ನು ಎರಡು ಬೆರಳಲ್ಲಿ ನಿಧಾನಕ್ಕೆ ತಿರುಗಿಸಿ ನೋಡಿದರು.

"ಪಾಟ್ ಚೆನ್ನಾಗಿದೆ ಸಾರ್. 10 ಕಿಲೋ ಓಮ್ ಲೀನಿಯರ್, ಥ್ರಾಟಲ್‌ಗೆ ಇದೇ ಬೇಕು. ವೈರ್ ಎಷ್ಟುದ್ದ?"

ಒಂದೂವರೆ ಮೀಟರ್, ಶೀಲ್ಡ್ (ಸುತ್ತ ಲೋಹದ ಜಾಲರಿ) ಇಲ್ಲದ್ದು. ಅಲ್ಲೇ ಸಿಕ್ಕಿತು ಕಾರಣ: ಅಂಥ ಉದ್ದ ವೈರ್ ಸುತ್ತಲಿನ ವಿದ್ಯುತ್ ಗದ್ದಲವನ್ನು ಹಿಡಿದುಕೊಳ್ಳುತ್ತದೆ. ಬಿಲ್ಲಿನ ಹಿಂದೆ ಚಿತ್ರ ಬರೆದುಕೊಟ್ಟರು: ಪಾಟ್ ಓದುವ ಪುಟ್ಟ ಬೋರ್ಡ್ ಆರ್ಡುಯಿನೋದ ಅನಲಾಗ್ ಪಿನ್ನಿಗೆ ಅಂಟಿದಂತೆ, ಗ್ರೌಂಡಿಗೆ ಗದ್ದಲ ಸೋಸುವ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್; ಶೀಲ್ಡ್ ವೈರಿನ ಜಾಲರಿ ಬೋರ್ಡಿನ ಕಡೆ ಮಾತ್ರ ಗ್ರೌಂಡಿಗೆ. ಕೆಪಾಸಿಟರಿಗೆ ಕಾಸೂ ತಗೊಳ್ಳಲಿಲ್ಲ.

ಈಗ ಬೋರ್ಡ್ ಕೊಡುವ 0ಯಿಂದ 1023ರ ರೀಡಿಂಗಿನಲ್ಲಿ ಒಂದೆರಡು ಅಂಕಿ ಅಲುಗಾಡುತ್ತದೆ, ಅಷ್ಟೇ. ಥ್ಯಾಂಕ್ಸ್ ಅಣ್ಣ, ರಡ್ಡರ್ ಪೆಡಲ್ಲಿಗೂ ನಿಮ್ಮ ಚಿತ್ರದಂತೆಯೇ ವೈರ್ ಎಳೆಯುತ್ತಿದ್ದೇನೆ.