ಚಿತ್ರದ ಅಂಚು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1504ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದ ‘ಆದಾಮ ಮತ್ತು ಹವ್ವ’ ಚಿತ್ರ ಕಂಡು ಸಂತೋಷವಾಯಿತು. ಆದರೆ ಅಂಚು ಕತ್ತರಿಸಿದ್ದರಿಂದ ಬಲಮೇಲ್ತುದಿಯ ಬಂಡೆಯ ನೆತ್ತಿಯಲ್ಲಿ ನಿಂತ ಕಾಡುಮೇಕೆಯೇ ಮಾಯವಾಗಿದೆ. ದಟ್ಟ ಕಾಡಿನ ಕತ್ತಲೆಯಾಚೆ ಆಕಾಶ ತೆರೆದುಕೊಳ್ಳುವುದು ಆ ಮೂಲೆಯಲ್ಲಿ. ಅದಿಲ್ಲದೆ ಚಿತ್ರಕ್ಕೆ ಉಸಿರೇ ಇಲ್ಲ.

ಶಾಯಿಯೂ ಅತಿಯಾಗಿದೆ. ತಗಡಿನಲ್ಲಿ ಕೊರೆದ ಗೆರೆಗಳಿಗೆ ಶಾಯಿ ತುಂಬಿ ಕಾಗದಕ್ಕೆ ಒತ್ತುವ ಈ ಕಲೆಯಲ್ಲಿ ಬೆಳಕೆಂದರೆ ಗೆರೆ ಬೀಳದೆ ಉಳಿದ ಕಾಗದದ ಬಿಳುಪು. ಹವ್ವಳ ಮೈಮೇಲೆ ಗೆರೆಗಳು ವಿರಳವಾಗುತ್ತ ಚುಕ್ಕಿಗಳಾಗಿ ಕರಗುವುದರಿಂದಲೇ ಮೈ ದುಂಡಗೆ ಕಾಣುತ್ತದೆ. ಅದೆಲ್ಲ ಮಸಿಯಲ್ಲಿ ಮುಳುಗಿದೆ. ಆದಾಮನ ಕಾಲ ಬಳಿಯ ಇಲಿಯೂ ಕಾಣದು. ಎದುರಿನ ಬೆಕ್ಕು ಸುಮ್ಮನೆ ಕುಳಿತಂತಿದೆ.

ಮೂಲಪ್ರತಿ ನೋಡುವ ಭಾಗ್ಯ ಇಲ್ಲಿನ ಮಕ್ಕಳಿಗಿಲ್ಲ. ಇಂಥ ಪುಟಗಳನ್ನೇ ಕತ್ತರಿಸಿಟ್ಟು ಪಾಠ ಮಾಡುತ್ತೇನೆ. ದಯವಿಟ್ಟು ಇಡೀ ಚಿತ್ರವನ್ನು ಇನ್ನೊಮ್ಮೆ ತಿಳಿಯಾಗಿ ಮುದ್ರಿಸಿ.

– ಚಿತ್ರಕಲಾ ಶಿಕ್ಷಕ, ಮಡಿಕೇರಿ