ಜಪಾನಿ ಹಾಡಿಗೆ ಕನ್ನಡ ಲಿಪಿ ಇರಲಿ

ಮಾನ್ಯ ಸಂಪಾದಕರೇ,

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಸುಗಮ ಸಂಗೀತ ಹೇಳಿಕೊಡುವವಳು. ಜಪಾನಿಗೂ ನನಗೂ ಏನು ಸಂಬಂಧ ಅಂತ ಕೇಳಬೇಡಿ, ಸಂಬಂಧ ತಾನಾಗಿಯೇ ಬಂದು ಬಾಗಿಲು ತಟ್ಟುತ್ತಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಎಂಜಿನಿಯರಿಂಗ್ ಮುಗಿಸಿ ಜಪಾನಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ಹೊರಡುವ ಮುಂಚೆ ಬಂದು ಕೇಳುವುದು ಒಂದೇ ಮಾತು: "ಅಕ್ಕಾರ, ಅಲ್ಲಿ ಆಫೀಸಿನವ್ರು ಕರೋಕೆಗೆ ಕರ್ಕೊಂಡ ಹೋಗ್ತಾರಂತ್ರಿ. ಯಾವ ಹಾಡ ಹಾಡ್ಲಿ?"

ಜೊತೆಗೆ ಒಂದು ಹಾಳೆ ತಂದಿರುತ್ತಾರೆ. ಭಾಷೆ ಕಲಿಯುವ ಕ್ಲಾಸಿನಲ್ಲಿ ಕೊಟ್ಟ ಹಾಡಿನ ಸಾಹಿತ್ಯ, ಪೂರ್ತಿ ಇಂಗ್ಲಿಷ್ ಅಕ್ಷರದಲ್ಲಿ. ನನ್ನ ತಕರಾರು ಇರುವುದು ಈ ಹಾಳೆಯ ಮೇಲೆ.

ಜಪಾನಿ ಭಾಷೆಯಲ್ಲಿ ಸ್ವರಗಳು ಐದೇ: ಅ, ಇ, ಉ, ಎ, ಒ. ಐದಕ್ಕೂ ಹ್ರಸ್ವ ಇದೆ, ದೀರ್ಘ ಇದೆ. ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಇದನ್ನು ಸುಮ್ನೆ ಕನ್ನಡದಲ್ಲಿ ಬರೆದರೆ ಮುಗಿಯಿತು. ಇಂಗ್ಲಿಷ್‌ನಲ್ಲಿ ಬರೆದ ಹಾಳೆ ನೋಡಿ ನಮ್ಮ ಹುಡುಗರು 'ಎ' ಇದ್ದಲ್ಲಿ 'ಈ' ಅಂತ ಓದುತ್ತಾರೆ, ದೀರ್ಘ ಎಲ್ಲಿದೆ ಅನ್ನುವುದೇ ಗೊತ್ತಾಗದೆ ತಾಳ ತಪ್ಪುತ್ತಾರೆ. ದೇವನಾಗರಿಯಲ್ಲಿ ಬರೆದುಕೊಳ್ಳುವವರಿಗೂ ಸ್ವಲ್ಪ ಕಷ್ಟವೇ, ಹ್ರಸ್ವ ಎ, ಒ ಬರೆಯಲು ಅಲ್ಲಿ ದಿನಬಳಕೆಯ ಅಕ್ಷರ ಇಲ್ಲ. ಬೆಳಗಾವಿಯಲ್ಲಿ ಕೂತು ಹೀಗೆ ಬರೆಯುತ್ತಿದ್ದೇನೆ ಅಂತ ಇದನ್ನು ಗಡಿ ಜಗಳ ಮಾಡಬೇಡಿ. ಜಪಾನಿಯ 'ತ್ಸು' ನಮ್ಮ ಮನೆಯ ಮಕ್ಕಳಿಗಿಂತ ಮರಾಠಿ ಮನೆಯ ಮಕ್ಕಳಿಗೇ ಚೆನ್ನಾಗಿ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು ಸಂಗತಿ ಇದೆ. ಹೈಸ್ಕೂಲಿನಲ್ಲಿ ಲಘು, ಗುರು ಹಾಕಿ ಪ್ರಸ್ತಾರ ಮಾಡಿದ್ದೆವು ಅಲ್ವಾ? ಜಪಾನಿಯ ಲೆಕ್ಕವೂ ಹೆಚ್ಚುಕಡಿಮೆ ಅದೇ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರ ಬಂದರೆ ಹಿಂದೆ ಒಂದು ಮಾತ್ರೆ ಹೊತ್ತು ತಡೆಯಬೇಕು. ಪದದ ಕೊನೆಯಲ್ಲಿ ಬರುವ 'ನ್'ಗೂ ತನ್ನದೇ ಒಂದು ಮಾತ್ರೆ, ಹಳೆಯ ಹಾಡುಗಳಲ್ಲಿ ಅದಕ್ಕೆ ಬೇರೆ ಸ್ವರವನ್ನೇ ಕೊಟ್ಟಿರುತ್ತಾರೆ. ಇಂಗ್ಲಿಷ್ ಹಾಳೆ ಹಿಡಿದವರು ಈ 'ನ್' ಅನ್ನು ನುಂಗಿಬಿಡುತ್ತಾರೆ. ಆಮೇಲೆ ಟ್ರ್ಯಾಕ್ ಒಂದು ಕಡೆ, ಇವರು ಒಂದು ಕಡೆ.

ಇನ್ನು ಹಾಡಿನ ಆಯ್ಕೆ. ಹುಡುಗರು ಕೇಳುವುದು ಆನಿಮೆ (ಜಪಾನಿ ಕಾರ್ಟೂನ್) ಹಾಡು ಅಥವಾ ಯೊಆಸೊಬಿ ಅನ್ನುವ ಗಾಯನ ಜೋಡಿಯ ಹೊಸ ಹಾಡು. 2023ರಲ್ಲಿ ಬಂದ 'ಐಡಲ್' ನನಗೂ ಇಷ್ಟ. ಆದರೆ ಉಸಿರು ತೆಗೆದುಕೊಳ್ಳಲು ಜಾಗ ಇಲ್ಲದ ಹಾಡು ಅದು. ಜಪಾನಿನವರೇ ಅಭ್ಯಾಸ ಮಾಡಿಕೊಂಡು ಹಾಡುತ್ತಾರೆ. ಹೊಸಬರು, ಅದೂ ಮೇಲಧಿಕಾರಿಗಳ ಎದುರು, ಅಲ್ಲಿಂದ ಶುರು ಮಾಡಬಾರದು. ಹಳೆಯದನ್ನು, ನಿಧಾನದ್ದನ್ನು, ಕೋಣೆಯಲ್ಲಿ ಕೂತ ಎಲ್ಲರಿಗೂ ಗೊತ್ತಿರುವುದನ್ನು ಆರಿಸಬೇಕು. ಎರಡನೇ ಸಾಲಿಗೆ ಅವರೇ ದನಿ ಕೂಡಿಸುತ್ತಾರೆ, ನಮ್ಮ ತಪ್ಪು ಯಾರಿಗೂ ಕೇಳಿಸುವುದಿಲ್ಲ.

ಮೊದಲನೆಯದಾಗಿ ನಾನು ಕಲಿಸುವುದು ಕ್ಯೂ ಸಕಮೊತೊ ಹಾಡಿದ 'ಉಎ ಒ ಮುಯಿತೆ ಅರುಕೋ'. 1961ರ ಹಾಡು. 1963ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲೂ ಮೊದಲನೇ ಸ್ಥಾನಕ್ಕೆ ಹೋಗಿತ್ತು. ಪಶ್ಚಿಮದ ದೇಶದವರು ಇದಕ್ಕೆ 'ಸುಕಿಯಾಕಿ' ಅಂತ ಒಂದು ಮಾಂಸದ ಅಡುಗೆಯ ಹೆಸರಿಟ್ಟರು, ಹಾಡಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಕಣ್ಣೀರು ಕೆಳಗೆ ಬೀಳಬಾರದು ಅಂತ ತಲೆ ಎತ್ತಿ ನಡೆಯುವವನ ಹಾಡು ಇದು. ಆದರೂ ಕೇಳಲು ಹಗುರ. ನಡುವೆ ಸಿಳ್ಳೆ ಬರುತ್ತದೆ. ಮಾತು ಮರೆತವರಿಗೆ ಇದಕ್ಕಿಂತ ದೊಡ್ಡ ಉಪಕಾರ ಉಂಟಾ? ಸಕಮೊತೊ 1985ರ ವಿಮಾನ ದುರಂತದಲ್ಲಿ ತೀರಿಕೊಂಡರು. ಹಾಗಾಗಿ ವಯಸ್ಸಾದವರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರೆ, ಚೆನ್ನಾಗಿ ಹಾಡಲಿಲ್ಲ ಅಂತ ತಿಳಿಯಬೇಡಿ ಎಂದು ಹುಡುಗರಿಗೆ ಮೊದಲೇ ಹೇಳಿರುತ್ತೇನೆ.

ನನಗೆ ಇದಕ್ಕಿಂತ ಹಿಡಿಸಿದ್ದು 1977ರ 'ಕಿತಗುನಿ ನೊ ಹರು', ಮಸಾಒ ಸೆನ್ ಹಾಡಿದ್ದು. ಪಟ್ಟಣದಲ್ಲಿ ದುಡಿಯುವ ಒಬ್ಬ, ಉತ್ತರದ ತನ್ನ ಊರಿಗೆ ಈಗ ವಸಂತ ಬಂದಿರಬೇಕು ಅಂದುಕೊಳ್ಳುತ್ತಾನೆ. ಊರಿನಿಂದ ಅವ್ವ ಒಂದು ಸಣ್ಣ ಗಂಟು ಕಳಿಸಿದ್ದಾಳೆ. ಕೊನೆಯ ಚರಣದಲ್ಲಿ ಅಪ್ಪ ಮತ್ತು ಅಣ್ಣನ ನೆನಪು. ಇಬ್ಬರೂ ಮಾತು ಕಡಿಮೆ ಇರುವವರು, ಯಾವಾಗಲಾದರೂ ಜೊತೆಗೆ ಕೂತು ಒಂದು ಗುಟುಕು ಕುಡಿಯುತ್ತಾರೋ ಇಲ್ಲವೋ ಅಂತ. ಗೋಕಾಕದ ಕಡೆಯ ಒಬ್ಬ ಹುಡುಗನಿಗೆ ಇದರ ಅರ್ಥ ಹೇಳಿದಾಗ, "ನಮ್ಮಪ್ಪ, ನಮ್ಮಣ್ಣ ಹಿಂಗ ಅದಾರ್ರಿ" ಅಂದ. ಅವನಿಗೆ ಆಮೇಲೆ ಸಾಹಿತ್ಯ ಬಾಯಿಪಾಠ ಮಾಡಿಸುವ ಕೆಲಸವೇ ಉಳಿಯಲಿಲ್ಲ.

ರಾಗದ ದೃಷ್ಟಿಯಿಂದಲೂ ಇದು ನಮಗೆ ಸಲೀಸು. ಇದರಲ್ಲಿ ಮಧ್ಯಮ, ನಿಷಾದ ಎರಡೂ ಇಲ್ಲ. ಅಂದರೆ ನಮ್ಮ ಭೂಪ ರಾಗದ ಸ್ವರಗಳೇ. ಜಪಾನಿನ ಹಳೆಯ ಜನಪ್ರಿಯ ಹಾಡುಗಳಲ್ಲಿ ಎಷ್ಟೋ ಈ ಐದು ಸ್ವರಗಳ ಮೇಲೇ ನಿಂತಿವೆ. ದುಃಖದ ಹಾಡುಗಳಿಗೆ ಇನ್ನೊಂದು ಐದರ ಗುಂಪಿದೆ: ಶಿವರಂಜನಿಯ ಹಾಗೇ ಹೋಗಿ ಧೈವತ ಮಾತ್ರ ಕೋಮಲ. ಪೇಟಿಯ (ಹಾರ್ಮೋನಿಯಂ) ಮೇಲೆ ಒಮ್ಮೆ ನುಡಿಸಿ ನೋಡಿ, ಎಲ್ಲೋ ಕೇಳಿದ ಹಾಗೆ ಅನಿಸುತ್ತದೆ, ಎಲ್ಲಿ ಅಂತ ಹೊಳೆಯುವುದಿಲ್ಲ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಪಕ್ಕದಲ್ಲೇ ಇದೆ. ಭೂಪ ಕೇಳದ ಕಿವಿ ನಮ್ಮ ಕಡೆ ಎಷ್ಟಿದ್ದಾವು?

ಮಿಸೊರಾ ಹಿಬಾರಿಯವರ 1989ರ 'ಕವಾ ನೊ ನಗರೆ ನೊ ಯೋ ನಿ' ಬಗ್ಗೆಯೂ ಕೇಳುತ್ತಾರೆ. ಬಹಳ ದೊಡ್ಡ ಹಾಡು. ಕೆಳಗೆ ಶಾಂತವಾಗಿ ಶುರುವಾಗಿ ಆಮೇಲೆ ಎಲ್ಲಿಗೋ ಏರುತ್ತದೆ. ಗಂಟಲು ತಯಾರಿದ್ದವರು ಮಾತ್ರ ಮುಟ್ಟಲಿ. ತಮ್ಮ ವಯಸ್ಸಿನವರ ಜೊತೆ ಹೋಗುವವರಿಗೆ ಸ್ಪಿಟ್ಜ್ ತಂಡದ 1996ರ 'ಚೆರಿ' ಸಾಕು.

ಪಟ್ಟಿಯ, ಅಂದರೆ ಹಾಡುವ ಶ್ರುತಿಯ, ವಿಷಯ ಮಾತ್ರ ಮನೆಯಲ್ಲೇ ಮುಗಿಸಿಕೊಂಡು ಹೋಗಬೇಕು. ಹಾಡಿನ ಅತಿ ಮೇಲಿನ ಸ್ವರವನ್ನು ನಾನು ಪೇಟಿಯಲ್ಲಿ ಹಿಡಿಯುತ್ತೇನೆ. ಹುಡುಗನ ದನಿ ಕಿರುಚದೆ ಎಲ್ಲಿವರೆಗೆ ಹೋಗುತ್ತದೆ ಅಂತ ನೋಡುತ್ತೇನೆ. ಅಲ್ಲಿಂದ ಹಾಡಿನ ಮೇಲಿನ ಸ್ವರ ಮುಟ್ಟಲು ಕರಿ, ಬಿಳಿ ಎಲ್ಲ ಸೇರಿಸಿ ಎಷ್ಟು ಮನೆ ಏರಬೇಕು ಅಂತ ಎಣಿಸಿದರೆ ಮೂರು ಬಂತು ಅನ್ನಿ. ಅಲ್ಲಿನ ಯಂತ್ರದಲ್ಲಿ ಮೈನಸ್ ಮೂರು ಒತ್ತಿದರೆ ಆಯಿತು, ಒಂದು ಒತ್ತಿಗೆ ಅರ್ಧ ಸ್ವರ ಇಳಿಯುತ್ತದೆ. ನಮ್ಮ ಊರಿನ ಕರೋಕೆ ಕಾರ್ಯಕ್ರಮಗಳಲ್ಲಿ ಟ್ರ್ಯಾಕ್ ಇದ್ದ ಪಟ್ಟಿಯಲ್ಲೇ ಹಾಡಿ ಗಂಟಲು ಹರಿದುಕೊಳ್ಳುವವರೂ ಇದನ್ನು ಓದಿದರೆ ಒಳ್ಳೆಯದು.

ಅಂದಹಾಗೆ, ಈ ಯಂತ್ರವನ್ನು ಮೊದಮೊದಲು ಮಾಡಿದವರಲ್ಲಿ ಒಬ್ಬ ಸಾಥಿದಾರನೂ ಇದ್ದ. ಕೋಬೆ ಊರಿನ ಬಾರುಗಳಲ್ಲಿ ಹಾಡುವವರಿಗೆ ಸಾಥ್ ಕೊಡುತ್ತಿದ್ದ ದೈಸುಕೆ ಇನೋಉಎ. ಒಂದು ಸಣ್ಣ ಉಕ್ಕಿನ ಕಂಪನಿಯ ಮಾಲೀಕ ತನ್ನ ಪ್ರವಾಸಕ್ಕೆ ಸಾಥಿಗೆ ಬಾ ಅಂತ ಕರೆದ. ಇವರಿಗೆ ಹೋಗಲು ಆಗಲಿಲ್ಲ, ಅವನ ದನಿಗೆ ಹೊಂದುವಂತೆ ನುಡಿಸಿ ಟೇಪ್ ಮಾಡಿ ಕಳಿಸಿದರು. 1971ರಲ್ಲಿ ಅದನ್ನೇ ನಾಣ್ಯ ಹಾಕುವ ಪೆಟ್ಟಿಗೆ ಮಾಡಿದರು. ಪೇಟೆಂಟ್ ಮಾಡಿಸಲಿಲ್ಲ. ಉದ್ಯಮಬಾಗದ ಫೌಂಡ್ರಿ ಮಾಲೀಕರೇ, ನಿಮ್ಮ ಪೇಟಿಯವರನ್ನು ಸ್ವಲ್ಪ ಚೆನ್ನಾಗಿ ನೋಡಿಕೊಳ್ಳಿ.

ಜಪಾನಿ ಕಲಿಸುವ ಕ್ಲಾಸಿನವರಲ್ಲಿ ನನ್ನ ವಿನಂತಿ ಇಷ್ಟೇ: ಹಾಡಿನ ಹಾಳೆಯನ್ನು ಕನ್ನಡದಲ್ಲೂ ಕೊಡಿ. ನಿಮಗೂ ಒಂದು ಕೋರಿಕೆ ಇದೆ, ಸಂಪಾದಕರೇ. ಹಾಡುಗಳಿಗೆ ಹಕ್ಕುಸ್ವಾಮ್ಯ ಇರುತ್ತದೆ, ಪೂರ್ತಿ ಅಚ್ಚು ಹಾಕಿ ಅಂತ ನಾನು ಕೇಳುವುದಿಲ್ಲ. ಆದರೆ ಜಪಾನಿಯ ಉಚ್ಚಾರ ಬರೆಯುವ ಹಿರಗಾನ ಲಿಪಿಯ ಮೂಲ ಅಕ್ಷರಗಳು 46 ಮಾತ್ರ. ಅವುಗಳ ಕೋಷ್ಟಕ ಕೂಡ ಅ, ಇ, ಉ, ಎ, ಒ, ಆಮೇಲೆ ಕ, ಕಿ, ಕು ಅಂತ ನಮ್ಮ ಕಾಗುಣಿತದಂತೆಯೇ ಸಾಗುತ್ತದೆ. ಭಾನುವಾರದ ಪುರವಣಿಯಲ್ಲಿ ಒಂದು ಮೂಲೆಯಲ್ಲಿ, ಪ್ರತಿ ಅಕ್ಷರದ ಪಕ್ಕ ಕನ್ನಡದ್ದನ್ನೂ ಇಟ್ಟು ಒಮ್ಮೆ ಹಾಕಿ. ಕರೋಕೆ ಪರದೆಯಲ್ಲಿ ಚಿತ್ರಾಕ್ಷರಗಳ ತಲೆಯ ಮೇಲೆ ಸಣ್ಣದಾಗಿ ಬರುವುದು ಇದೇ ಅಕ್ಷರ. ಹುಡುಗರು ಕತ್ತರಿಸಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳುತ್ತಾರೆ.

— ಒಬ್ಬ ಸಂಗೀತ ಶಿಕ್ಷಕಿ, ಟಿಳಕವಾಡಿ, ಬೆಳಗಾವಿ