ಸೀಲು ಚೆನ್ನಾಗಿದೆ, ಚರ್ಚ್ ಹಾಗಿಲ್ಲ: ಶೆಟ್ಟಿಹಳ್ಳಿಯಿಂದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ಶೆಟ್ಟಿಹಳ್ಳಿ ಚರ್ಚ್ ವಿಷಯಕ್ಕೆ ಇದು ನನ್ನ ನಾಲ್ಕನೇ ಅರ್ಜಿ. ಮೊದಲ ಮೂರನ್ನು ಟೈಪ್ ಮಾಡಿಸಿ, ಸ್ವೀಕೃತಿ ಸೀಲು ಹಾಕಿಸಿಕೊಂಡಿದ್ದೆ. ಸೀಲು ಮೂರೂ ಚೆನ್ನಾಗಿವೆ. ಚರ್ಚ್ ಹಾಗಿಲ್ಲ. ಅದಕ್ಕೇ ಈ ಸಲ ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿಲ್ಲದ್ದೇನಲ್ಲ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಗುಡಿ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಹಿನ್ನೀರಿಗೆ ಊರು ಹೋಯಿತು, ಚರ್ಚ್ ನಿಂತಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ಬಾಗಿಲವರೆಗೂ ಕಾರು ಬರುತ್ತದೆ. ನಮ್ಮಜ್ಜಿಯ ಮದುವೆ ಆಗಿದ್ದು ಅಲ್ಲೇ. ನೀರು ಇಳಿದಾಗ ಕರೆದುಕೊಂಡು ಹೋದರೆ ಅವರು ಚಪ್ಪಲಿ ಹೊರಗೇ ಬಿಡುತ್ತಿದ್ದರು. ಚಾವಣಿ ಇಲ್ಲ, ನೆಲದ ತುಂಬ ಬಿರುಕು ಬಿಟ್ಟ ಕೆಸರು, ಆದರೂ ಬಿಡುತ್ತಿದ್ದರು.

ಈಗ ಅಲ್ಲಿ ಏನು ನಡೀತಿದೆ ಅಂತ ಕೇಳಿ. ಕಳೆದ ಫೆಬ್ರವರಿಯಲ್ಲಿ ಹೋದಾಗ ಮದುವೆಗೆ ಮುಂಚಿನ ಫೋಟೋ ಶೂಟ್ ನಡೆಯುತ್ತಿತ್ತು. ಹುಡುಗನೊಬ್ಬ ಲೈಟಿನ ಸರ ಕಟ್ಟೋದಕ್ಕೆ ಕಮಾನಿಗೆ ಮೊಳೆ ಹೊಡೆಯುತ್ತಿದ್ದ. ಸುತ್ತಿಗೆಯ ಮೂರನೇ ಪೆಟ್ಟಿಗೆ ಬೊಗಸೆಯಷ್ಟು ಗಾರೆ ಉದುರಿತು, ಒಳಗಿನ ಕೆಂಪು ಇಟ್ಟಿಗೆ ಕಂಡಿತು. ಬೇಡಪ್ಪ ಅಂದೆ. "ನಿಮ್ಮನೇದಾ ಅಂಕಲ್?" ಅಂದ. ವಧು ನಕ್ಕಳು. ಡ್ರೋನ್ ಮೇಲಕ್ಕೆ ಹೋಯಿತು. ಅವರೆಲ್ಲ ಹೋದ ಮೇಲೆ ಆ ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡೆ, ಬೇರೇನು ಮಾಡಲಿ? ತಡೆಯೋದಕ್ಕೆ ಕಾವಲುಗಾರನಿರಲಿಲ್ಲ. ಒಂದು ಫಲಕವೂ ಕಾಣಲಿಲ್ಲ.

ಹೋಗಿ ಹೇಳಿದ್ದೇನೆ, ಹೇಳದೆ ಇಲ್ಲ. ಒಂದು ಕಚೇರಿಯಲ್ಲಿ "ನೀರಲ್ಲಿರೋದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರು. ಇನ್ನೊಂದು ಕಡೆ "ನೀರು ಮಾತ್ರ ನಮ್ಮದು, ಕಟ್ಟಡ ಅಲ್ಲ" ಅಂದರು. ಹಾಗಾದರೆ ಜೂನ್‌ನಲ್ಲಿ ಅದು ಯಾರದು, ಜನವರಿಯಲ್ಲಿ ಯಾರದು ಸ್ವಾಮಿ? ನೂರು ವರ್ಷ ದಾಟಿದ ಕಟ್ಟಡವನ್ನು ಸ್ಮಾರಕ ಅಂತ ಪರಿಗಣಿಸಬಹುದು ಅಂತ 1961ರ ರಾಜ್ಯ ಕಾಯ್ದೆಯೇ ಹೇಳುತ್ತದೆ. ನಿಮಗೆ ನಾನು ಕಾಯ್ದೆ ಓದಿ ಹೇಳಬೇಕಾ? ಇದಕ್ಕೆ ನೂರೈವತ್ತು ದಾಟಿದೆ. ಸಂರಕ್ಷಿತ ಸ್ಮಾರಕ ಅಂತ ಘೋಷಿಸಿ, ಸಾಕು.

ಮುಳುಗಿದ್ದನ್ನು ಹೇಗೆ ಉಳಿಸೋದು ಅಂತ ಒಬ್ಬ ಅಧಿಕಾರಿ ನನ್ನನ್ನೇ ಕೇಳಿದರು. ಇಟಲಿಯ ಉತ್ತರ ತುದಿಯಲ್ಲಿ ಕುರೋನ್ ಅಂತ ಒಂದು ಹಳ್ಳಿ ಇತ್ತು. 1950ರಲ್ಲಿ ಜಲಾಶಯಕ್ಕೆ ಮುಳುಗಿತು. 14ನೇ ಶತಮಾನದ ಚರ್ಚಿನ ಗಂಟೆ ಗೋಪುರ ಮಾತ್ರ ಇವತ್ತಿಗೂ ಕೆರೆ ನಡುವೆ ನಿಂತಿದೆ. ಬಿರುಕು ಬಿಟ್ಟಾಗ 2009ರಲ್ಲಿ ದುರಸ್ತಿ ಮಾಡಿದರು. ಸ್ಪೇನಿನ ಸಾವು (Sau) ಅನ್ನೋ ಜಲಾಶಯದಲ್ಲೂ ಅಷ್ಟೇ: ರೋಮನೆಸ್ಕ್ ಅನ್ನೋ ಹಳೆ ಯುರೋಪಿಯನ್ ಶೈಲಿಯ, 11ನೇ ಶತಮಾನದ ಚರ್ಚ್ ಒಂದು ಬರಗಾಲ ಬಂದರೆ ನೀರಿನಿಂದ ಮೇಲೇಳುತ್ತದೆ. (ಊರಿನ ಹೆಸರೇ ಸಾವು. ನಮ್ಮ ಕಿವಿಗೆ ಬೇರೆ ಥರ ಕೇಳುತ್ತದೆ, ಅಲ್ವಾ?) ನಮ್ಮದು ಅಷ್ಟು ಹಳೆಯದಲ್ಲ, ಒಪ್ಪುತ್ತೇನೆ. ಆದರೆ ಅದು ಒಂದೇ ಸಲ ಮುಳುಗಿದ್ದಲ್ಲ. ಪ್ರತಿ ವರ್ಷ ನೆನೆಯುತ್ತದೆ, ಪ್ರತಿ ವರ್ಷ ಒಣಗುತ್ತದೆ. ಒಂದಷ್ಟು ಭಾಗ ಈಗಾಗಲೇ ಕುಸಿದಿದೆ.

ಜಾಸ್ತಿ ಏನೂ ಕೇಳುತ್ತಿಲ್ಲ. ಲೇಸರ್ ಶೋ ಬೇಡ, ಬೋಟಿಂಗ್ ಬೇಡ. ಸಂರಕ್ಷಿತ ಸ್ಮಾರಕ ಅಂತ ಘೋಷಿಸಿ. ಮಳೆಗೆ ಮುಂಚೆ ಗೋಡೆಗಳಿಗೆ ಆಸರೆ ಕೊಡಿಸಿ. ವಾಹನಗಳನ್ನು ದೂರದಲ್ಲೇ ನಿಲ್ಲಿಸಿ. ಮತ್ತೆ ಹೇಳುತ್ತೇನೆ, ಘೋಷಿಸಿ.

ಮೇ ಮುಗಿಯುವುದರೊಳಗೆ ನೀವೇ ಒಮ್ಮೆ ಬನ್ನಿ. ತಡವಾದರೆ ತೆಪ್ಪ ಬೇಕಾಗುತ್ತದೆ. ಆ ಮೊಳೆ ನಮ್ಮ ಮನೆಯಲ್ಲಿದೆ. ಬರದಿದ್ದರೆ ಐದನೇ ಅರ್ಜಿಗೆ ಅದನ್ನೇ ಲಗತ್ತಿಸುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ